ತಪ್ಪನ್ನು ಮನ್ನಿಸುವ ಉಪಕರಣ: ಗಾಲ್ಫ್ ಐರನ್‌ಗಳ ಆಯ್ಕೆಯಲ್ಲಿ ಅಡಗಿರುವ ವ್ಯಾಪಾರ ನೀತಿ

ಒಂದು ಉಪಕರಣವನ್ನು ತಯಾರಿಸುವವರು ಅದನ್ನು ಬಳಸುವವನ ಕೌಶಲವನ್ನು ನಂಬಿ ತಯಾರಿಸಬೇಕೇ, ಅಥವಾ ಅವನಿಂದ ಘಟಿಸಬಹುದಾದ ತಪ್ಪುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ತಯಾರಿಸಬೇಕೇ ಎಂಬುದು ಉತ್ಪಾದನಾ ಕ್ಷೇತ್ರದ ಹಳೆಯ ಪ್ರಶ್ನೆ. ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿಯೂ ಪ್ರೆಷರ್ ಕುಕ್ಕರಿನ ಮುಚ್ಚಳದಲ್ಲಿರುವ ಸೇಫ್ಟಿ ವಾಲ್ವ್ ಕೂಡ ಎರಡನೆಯ ಉತ್ತರವನ್ನು ಆರಿಸಿಕೊಂಡ ತಯಾರಕರ ಕೊಡುಗೆಗಳು. ಜಾರಿನಲ್ಲಿ ಅಳತೆ ಮೀರಿ ತುಂಬಿದಾಗ ಮೋಟಾರು ಸುಟ್ಟುಹೋಗುವ ಮೊದಲೇ ನಿಲ್ಲುತ್ತದೆ; ಆವಿ ಹೊರಹೋಗುವ ದಾರಿ ಕಟ್ಟಿಕೊಂಡಾಗ ವಾಲ್ವ್ ಕರಗಿ ಕುಕ್ಕರು ಸಿಡಿಯುವುದನ್ನು ತಪ್ಪಿಸುತ್ತದೆ. ಬಳಕೆದಾರನ ತಪ್ಪನ್ನು ಉಪಕರಣವೇ ಮನ್ನಿಸುತ್ತದೆ.

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ದೊರೆತಿರುವ ಕ್ಷೇತ್ರಗಳಲ್ಲಿ ಗಾಲ್ಫ್ ಉಪಕರಣಗಳ ಉದ್ಯಮವೂ ಒಂದು. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಅಂದಿನಿಂದ ಇಂದಿನವರೆಗೆ ಈ ಆಟ ಅಧಿಕಾರಿಗಳ ವಲಯದಿಂದ ಉದ್ಯಮಿಗಳು ಹಾಗೂ ವೃತ್ತಿಪರರ ವಲಯಕ್ಕೂ ಹಬ್ಬಿದೆ. ವ್ಯವಹಾರದ ಮಾತುಕತೆಯೂ ಆರೋಗ್ಯದ ನಡಿಗೆಯೂ ಒಟ್ಟಿಗೆ ಸಾಧ್ಯವಾಗುವುದರಿಂದ ನಡುವಯಸ್ಸಿನಲ್ಲಿ ಇದನ್ನು ಕಲಿಯಲು ಹೊರಡುವವರೂ ಇದ್ದಾರೆ. ಹಾಗೆ ಕಲಿಯುವವರು ಎದುರಿಸುವ ಮೊದಲ ದೊಡ್ಡ ಖರ್ಚು ಐರನ್‌ಗಳ ಸೆಟ್. ಅಲ್ಲಿ ಆಗುವ ತಪ್ಪು ಆಯ್ಕೆ ಹಣದ ನಷ್ಟಕ್ಕಷ್ಟೇ ಸೀಮಿತವಾಗುವುದಿಲ್ಲ. ಆಟಗಾರ ತನ್ನ ಕೈಯನ್ನೇ ದೂಷಿಸಿಕೊಳ್ಳುತ್ತಾನೆ, ಕ್ರಮೇಣ ಆಟವನ್ನೇ ಬಿಡುತ್ತಾನೆ; ಮಾರಿದ ಅಂಗಡಿಯು ಒಬ್ಬ ಖಾಯಂ ಗಿರಾಕಿಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಸಾಮಾನ್ಯ ಆಟಗಾರನು ತನ್ನ ತಪ್ಪುಗಳನ್ನು ಮನ್ನಿಸುವ ಐರನ್‌ಗಳನ್ನೇ ಆರಿಸಿಕೊಳ್ಳಬೇಕು, ವರ್ತಕನೂ ಅವುಗಳನ್ನೇ ಮುಂದಿಡಬೇಕು ಎಂಬ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಬ್ಲೇಡ್ ಮತ್ತು ಕ್ಯಾವಿಟಿ ಬ್ಯಾಕ್

ನಿಯಮದಂತೆ ಒಬ್ಬ ಆಟಗಾರ 14ಕ್ಕಿಂತ ಹೆಚ್ಚು ಕ್ಲಬ್‌ಗಳನ್ನು ಒಯ್ಯುವಂತಿಲ್ಲ. ಅವುಗಳಲ್ಲಿ ಸುಮಾರು ಅರ್ಧದಷ್ಟು ಐರನ್‌ಗಳೇ ಆಗಿರುವುದು ವಾಡಿಕೆ. ದೂರದ ಅಳತೆಗೆ ತಕ್ಕಂತೆ ಅವುಗಳಿಗೆ ಸಂಖ್ಯೆಗಳಿವೆ. ಸಂಖ್ಯೆ ಹೆಚ್ಚಿದಂತೆ ಕ್ಲಬ್‌ನ ಮುಖದ ಓರೆ ಹೆಚ್ಚುತ್ತದೆ, ಶಾಫ್ಟ್‌ನ ಉದ್ದ ಕಡಿಮೆಯಾಗುತ್ತದೆ, ಚೆಂಡು ಎತ್ತರಕ್ಕೆ ಏರಿ ಹತ್ತಿರದಲ್ಲಿ ಬೀಳುತ್ತದೆ.

ಹಳೆಯ ಮಾದರಿಯ ಐರನ್‌ಗೆ ಬ್ಲೇಡ್ ಎಂದು ಹೆಸರು. ಬಡಿಗೆಯಿಂದ ರೂಪ ತಳೆದ ಈ ತಲೆ ತೆಳುವಾಗಿ, ನೋಡಲು ಸುಂದರವಾಗಿರುತ್ತದೆ; ಲೋಹದ ಹೆಚ್ಚಿನ ಭಾಗ ಮುಖದ ಮಧ್ಯದ ಹಿಂದೆಯೇ ಒಟ್ಟಾಗಿರುತ್ತದೆ. ಚೆಂಡು ಸರಿಯಾಗಿ ಮಧ್ಯಕ್ಕೆ ತಗುಲಿದಾಗ ಅದು ಕೊಡುವ ಅನುಭವವನ್ನು ನುರಿತ ಆಟಗಾರರು ಇಂದಿಗೂ ಮೆಚ್ಚುತ್ತಾರೆ. ಇದಕ್ಕೆ ಪ್ರತಿಯಾಗಿ ಕ್ಯಾವಿಟಿ ಬ್ಯಾಕ್ ಎಂಬ ಮಾದರಿಯಲ್ಲಿ ತಲೆಯ ಬೆನ್ನನ್ನು ಟೊಳ್ಳಾಗಿಸಿ, ಅಲ್ಲಿಂದ ಉಳಿಸಿದ ಲೋಹವನ್ನು ಅಂಚಿನ ಸುತ್ತ, ಅಂದರೆ ತುದಿ, ಹಿಮ್ಮಡಿ ಮತ್ತು ತಳದ ಭಾಗಗಳಿಗೆ ಹಂಚಲಾಗುತ್ತದೆ.

ಈ ಹಂಚಿಕೆಯಿಂದ ಆಗುವ ಲಾಭವನ್ನು ಅರಿಯಲು ಯಂತ್ರಶಾಸ್ತ್ರದ ಸಣ್ಣ ತತ್ತ್ವವೊಂದು ಸಾಕು. ಚೆಂಡು ಮಧ್ಯಕ್ಕೆ ತಗುಲದೆ ಪಕ್ಕಕ್ಕೆ ತಗುಲಿದರೆ ಕ್ಲಬ್‌ನ ತಲೆ ತನ್ನ ಭಾರಕೇಂದ್ರದ ಸುತ್ತ ತಿರುಚಿಕೊಳ್ಳುತ್ತದೆ. ತಿರುಚಿದಷ್ಟೂ ಚೆಂಡಿನ ವೇಗ ಕುಂದುತ್ತದೆ, ದಿಕ್ಕು ತಪ್ಪುತ್ತದೆ. ಈ ತಿರುಚುವಿಕೆಯನ್ನು ತಡೆಯುವ ಗುಣವನ್ನು ಎಂಜಿನಿಯರುಗಳು ಮೊಮೆಂಟ್ ಆಫ್ ಇನರ್ಷಿಯಾ ಎನ್ನುತ್ತಾರೆ. ಅದು ಭಾರವನ್ನಷ್ಟೇ ಅವಲಂಬಿಸಿಲ್ಲ. ಭಾರವು ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನು ಅವಲಂಬಿಸಿದೆ. 10 ಗ್ರಾಂ ಲೋಹವನ್ನು ಕೇಂದ್ರದಿಂದ 2 ಸೆಂಟಿಮೀಟರ್ ದೂರದಿಂದ 4 ಸೆಂಟಿಮೀಟರ್ ದೂರಕ್ಕೆ ಸರಿಸಿದರೆ ಆ ಲೋಹ ಒಡ್ಡುವ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಪವರ್ ಪ್ರೆಸ್‌ನ ಫ್ಲೈವೀಲ್‌ನಲ್ಲಿ ಭಾರವನ್ನು ಅಂಚಿಗೆ ಇಡುವುದೂ, ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವರು ಉದ್ದನೆಯ ಬಿದಿರನ್ನು ಅಡ್ಡ ಹಿಡಿಯುವುದೂ ಇದೇ ತತ್ತ್ವದ ಪ್ರಯೋಗಗಳು.

ಇಲ್ಲಿ ಸಣ್ಣ ತಯಾರಕರು ಗಮನಿಸಬೇಕಾದ ಅಂಶವೊಂದಿದೆ. 7ನೇ ಸಂಖ್ಯೆಯ ಐರನ್‌ನ ತಲೆ ಬ್ಲೇಡ್ ಆದರೂ ಕ್ಯಾವಿಟಿ ಬ್ಯಾಕ್ ಆದರೂ ತೂಗುವುದು ಹೆಚ್ಚು ಕಡಿಮೆ ಒಂದೇ, ಸುಮಾರು 270 ಗ್ರಾಂ. ಹೆಚ್ಚಿನ ಉಕ್ಕು ಬೇಕಾಗಲಿಲ್ಲ. ಇದ್ದ ಉಕ್ಕನ್ನು ಎಲ್ಲಿ ಇಡಬೇಕು ಎಂಬ ವಿವೇಚನೆಯಿಂದಲೇ ಸಾಮಾನ್ಯ ಆಟಗಾರನಿಗೆ ನೆರವಾಗುವ ಹೊಸ ಉತ್ಪನ್ನ ಹುಟ್ಟಿತು.

ಒಬ್ಬ ಎಂಜಿನಿಯರನ ಅಸಮಾಧಾನದಿಂದ ಹುಟ್ಟಿದ ಉದ್ಯಮ

ಈ ವಿವೇಚನೆಯನ್ನು ಉದ್ಯಮವಾಗಿ ಬೆಳೆಸಿದವರಲ್ಲಿ ಕಾರ್ಸ್ಟನ್ ಸೋಲ್‌ಹೈಮ್ ಪ್ರಮುಖರು. 1911ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಜನಿಸಿ, ಬಾಲ್ಯದಲ್ಲೇ ಅಮೆರಿಕದ ಸಿಯಾಟಲ್ ಸೇರಿದ ಅವರು, ತಂದೆಯಂತೆಯೇ ಪಾದರಕ್ಷೆ ದುರಸ್ತಿಯ ಕಸುಬಿನಿಂದ ಜೀವನ ಆರಂಭಿಸಿದವರು. ಮುಂದೆ ಎಂಜಿನಿಯರಾಗಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದಾಗ, ನಲವತ್ತು ದಾಟಿದ ಮೇಲೆ, ಸಹೋದ್ಯೋಗಿಗಳ ಒತ್ತಾಯದಿಂದ ಗಾಲ್ಫ್ ಆಡತೊಡಗಿದರು. ಕುಳಿಯ ಸಮೀಪ ಚೆಂಡನ್ನು ಉರುಳಿಸಲು ಬಳಸುವ ಪಟರ್ ಅವರ ಕೈಗೆ ಒಗ್ಗಲಿಲ್ಲ. ತೊಂದರೆ ಕೈಯಲ್ಲಿದೆಯೋ ಉಪಕರಣದಲ್ಲಿದೆಯೋ ಎಂದು ಎಂಜಿನಿಯರನ ಕಣ್ಣಿನಿಂದ ಪರಿಶೀಲಿಸಿದ ಅವರು, ಭಾರವನ್ನು ಎರಡು ತುದಿಗಳಿಗೆ ಹಂಚಿದ ಪಟರ್ ಒಂದನ್ನು 1959ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ತಮ್ಮ ಮನೆಯ ಗ್ಯಾರೇಜಿನಲ್ಲೇ ತಯಾರಿಸಿದರು. ಚೆಂಡು ತಗುಲಿದಾಗ ಹೊರಡುತ್ತಿದ್ದ ಪಿಂಗ್ ಎಂಬ ಸದ್ದೇ ಅದರ ಹೆಸರಾಯಿತು.

1967ರಲ್ಲಿ ಅವರು ನೌಕರಿ ತೊರೆದು ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಸ್ವಂತ ಕಂಪನಿ ಸ್ಥಾಪಿಸಿದರು. 1969ರಲ್ಲಿ ಹೊರಬಂದ ಅವರ ಕೆ1 ಐರನ್‌ಗಳು ಅಂಚಿಗೆ ಭಾರ ಹಂಚುವ ತತ್ತ್ವವನ್ನು ಪಟರ್‌ನಿಂದ ಐರನ್‌ಗೂ ವಿಸ್ತರಿಸಿದವು. 1982ರ ಐ2 ಮಾದರಿಯಂತೂ ಗಾಲ್ಫ್ ಇತಿಹಾಸದಲ್ಲಿ ಅತಿ ಹೆಚ್ಚು ಮಾರಾಟವಾದ ಐರನ್‌ಗಳ ಸಾಲಿಗೆ ಸೇರಿತು. ಸೋಲ್‌ಹೈಮ್ 2000ದಲ್ಲಿ ನಿಧನರಾದರು. ಕಂಪನಿ ಇಂದಿಗೂ ಅವರ ಕುಟುಂಬದ ಒಡೆತನದಲ್ಲೇ ಇದೆ.

ಬೆನ್ನು ಟೊಳ್ಳಾದ ಇಂಥ ತಲೆಯನ್ನು ಬಡಿದು ರೂಪಿಸುವುದು ಕಷ್ಟ. ಆದಕಾರಣ ಸೋಲ್‌ಹೈಮ್ ಮೇಣದ ಅಚ್ಚಿನ ಎರಕವನ್ನು ಆಶ್ರಯಿಸಿದರು. ಮೇಣದಲ್ಲಿ ಮಾದರಿ ತಯಾರಿಸಿ, ಅದರ ಮೇಲೆ ಸೆರಾಮಿಕ್ ಲೇಪ ಕಟ್ಟಿ, ಮೇಣವನ್ನು ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಕರಗಿದ ಉಕ್ಕನ್ನು ಹೊಯ್ಯುವ ಕ್ರಮ ಇದು. ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ಎಂಬ ಹೆಸರಿನಲ್ಲಿ ಇಂದು ವಾಲ್ವ್, ಪಂಪ್ ಮತ್ತು ವಿಮಾನದ ಬಿಡಿಭಾಗಗಳ ತಯಾರಿಕೆಯಲ್ಲಿ ಇದು ಬಳಕೆಯಲ್ಲಿದೆ. ಇದರ ಮೂಲ ತತ್ತ್ವ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಗ್ರಂಥದಲ್ಲಿ, ವಿಗ್ರಹಗಳನ್ನು ಮೇಣದ ಮಾದರಿಯಿಂದ ಎರಕ ಹೊಯ್ಯುವ ವಿಧಾನವೂ, ಮೇಣದ ತೂಕದಿಂದ ಬೇಕಾದ ಲೋಹದ ತೂಕವನ್ನು ಲೆಕ್ಕ ಹಾಕುವ ಕ್ರಮವೂ ವಿವರಿಸಲ್ಪಟ್ಟಿವೆ. ತಂತ್ರ ಹಳೆಯದಾಗಿದ್ದರೂ ಯಾರ ಯಾವ ತೊಂದರೆಯ ಪರಿಹಾರಕ್ಕೆ ಅದನ್ನು ಬಳಸಬೇಕು ಎಂಬ ದೃಷ್ಟಿ ಹೊಸದಾಗಿದ್ದರೆ ಹೊಸ ಮಾರುಕಟ್ಟೆಯೇ ತೆರೆಯಬಲ್ಲದು ಎಂಬುದಕ್ಕೆ ಇದು ನಿದರ್ಶನ.

ನೆಲ ಡೊಂಕೇ?

ಮನ್ನಿಸುವ ಉಪಕರಣಗಳ ವಿರುದ್ಧ ಒಂದು ಆಕ್ಷೇಪಣೆ ಮೊದಲಿನಿಂದಲೂ ಇದೆ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ಆಟಗಾರನಿಗೂ ಅನ್ವಯಿಸುವವರಿದ್ದಾರೆ. ತಪ್ಪನ್ನು ಮುಚ್ಚಿಡುವ ಕ್ಲಬ್ ಆಟಗಾರನನ್ನು ಸೋಮಾರಿಯಾಗಿಸುತ್ತದೆ, ಬ್ಲೇಡ್‌ನಿಂದ ಕಲಿತವನೇ ನಿಜವಾದ ಆಟಗಾರನಾಗುತ್ತಾನೆ ಎಂಬುದು ಅವರ ವಾದ.

ಈ ವಾದದಲ್ಲಿ ಸತ್ಯದ ಅಂಶವಿಲ್ಲದಿಲ್ಲ. ಯಾವ ಕ್ಲಬ್ಬೂ ತಪ್ಪು ದಿಕ್ಕಿಗೆ ಬೀಸಿದ ಹೊಡೆತವನ್ನು ಸರಿದಾರಿಗೆ ತರಲಾರದು. ಕ್ಯಾವಿಟಿ ಬ್ಯಾಕ್ ಮನ್ನಿಸುವುದು ಮುಖ್ಯವಾಗಿ ಒಂದೇ ಬಗೆಯ ತಪ್ಪನ್ನು: ಚೆಂಡು ಮುಖದ ಮಧ್ಯವನ್ನು ಬಿಟ್ಟು ಆಚೀಚೆ ತಗುಲುವುದನ್ನು. ಆದರೆ ವಾರಕ್ಕೊಮ್ಮೆ ಆಡುವವನಲ್ಲಿ ಪದೇ ಪದೇ ಕಂಡುಬರುವ ತಪ್ಪು ಅದೇ. ಅಂಥವನಿಗೆ ಸ್ವಲ್ಪ ತಪ್ಪಿದ ಹೊಡೆತಕ್ಕೂ ಪೂರ್ತಿ ಶಿಕ್ಷೆ ವಿಧಿಸುವ ಉಪಕರಣವನ್ನು ಕೊಟ್ಟರೆ, ಯಾವ ಹೊಡೆತ ಸ್ವಲ್ಪ ತಪ್ಪಿತು, ಯಾವುದು ಪೂರ್ತಿ ತಪ್ಪಿತು ಎಂಬ ಭೇದವೇ ಅವನಿಗೆ ತಿಳಿಯದೆ ಹೋಗುತ್ತದೆ. ಮೇಲಾಗಿ, ಕೈಗೆ ಬರುವ ಕಂಪನವೂ ಕಿವಿಗೆ ಬೀಳುವ ಸದ್ದೂ ಕ್ಯಾವಿಟಿ ಬ್ಯಾಕ್‌ನಲ್ಲಿ ಮಾಯವಾಗುವುದಿಲ್ಲ. ಕಲಿಯುವ ಮನಸ್ಸುಳ್ಳವನು ಕ್ಲಬ್‌ನ ಮುಖಕ್ಕೆ ಸ್ವಲ್ಪ ಪೌಡರ್ ಸವರಿ ಹತ್ತು ಚೆಂಡು ಹೊಡೆದರೆ, ಪ್ರತಿಯೊಂದೂ ಎಲ್ಲಿ ತಗುಲಿತೆಂಬ ಗುರುತು ಅಲ್ಲೇ ಮೂಡುತ್ತದೆ.

ವೃತ್ತಿಪರ ಆಟಗಾರರಲ್ಲಿಯೂ ಕ್ಯಾವಿಟಿ ಬ್ಯಾಕ್ ಬಳಸುವವರಿದ್ದಾರೆ, ವಿಶೇಷವಾಗಿ ಹೊಡೆಯಲು ಕಷ್ಟವಾದ ಉದ್ದನೆಯ ಐರನ್‌ಗಳಲ್ಲಿ. ಜೀವನೋಪಾಯಕ್ಕಾಗಿ ಆಡುವವರೇ ನೆರವನ್ನು ನಿರಾಕರಿಸದಿರುವಾಗ, ವಿರಾಮಕ್ಕಾಗಿ ಆಡುವ ಉದ್ಯಮಿ ಅದನ್ನು ನಿರಾಕರಿಸುವುದು ಕೇವಲ ಪ್ರತಿಷ್ಠೆ. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಅದನ್ನು ಸಮ ಮಾಡುವುದು ಕುಣಿಯುವವಳಿಗೆ ಮಾಡುವ ಅವಮಾನವಲ್ಲ.

ದೂರದ ಅಂಕಿಯ ಮೋಹ

ಪ್ರತಿಷ್ಠೆಯ ಬಲೆಯಿಂದ ತಪ್ಪಿಸಿಕೊಂಡ ಗ್ರಾಹಕನಿಗೆ ಇನ್ನೊಂದು ಬಲೆ ಕಾದಿರುತ್ತದೆ. ಅಂಗಡಿಯಲ್ಲಿ ಪರೀಕ್ಷಾರ್ಥವಾಗಿ ಹೊಡೆದಾಗ ಯಂತ್ರದ ಪರದೆಯ ಮೇಲೆ ಮೊದಲು ಕಣ್ಣಿಗೆ ಬೀಳುವುದು ಚೆಂಡು ಕ್ರಮಿಸಿದ ದೂರ. ಹಳೆಯ 7ನೇ ಐರನ್‌ಗಿಂತ ಹೊಸದು ಹೆಚ್ಚು ದೂರ ಹೊಡೆಯಿತು ಎಂಬ ಸಂತೋಷದಲ್ಲಿ ವ್ಯಾಪಾರ ಮುಗಿದುಹೋಗುತ್ತದೆ.

ಈ ದೂರದ ಒಂದು ಭಾಗ ಕೇವಲ ಸಂಖ್ಯೆಯ ಬದಲಾವಣೆ. 1980ರ ದಶಕದಲ್ಲಿ 7ನೇ ಐರನ್‌ನ ಮುಖದ ಓರೆ 35ರಿಂದ 36 ಡಿಗ್ರಿಯ ಆಸುಪಾಸಿನಲ್ಲಿತ್ತು. ಇಂದು ಸಾಮಾನ್ಯ ಆಟಗಾರರಿಗೆಂದೇ ಮಾರುವ ಅನೇಕ ಸೆಟ್‌ಗಳಲ್ಲಿ ಅದು 28ರಿಂದ 30 ಡಿಗ್ರಿಗೆ ಇಳಿದಿದೆ. ಅಂದರೆ ಹಿಂದಿನ 5ನೇ ಐರನ್‌ನ ಓರೆಗೆ ಈಗ 7 ಎಂಬ ಅಂಕಿಯನ್ನು ಕೆತ್ತಲಾಗಿದೆ. ಒಂದು ಕಾಲದಲ್ಲಿ ಟೇಪ್ ರೆಕಾರ್ಡರ್‌ಗಳ ಮೇಲೆ ಸಾವಿರಾರು ವ್ಯಾಟ್‌ನ ಪಿಎಂಪಿಓ ಅಂಕಿಗಳು ರಾರಾಜಿಸುತ್ತಿದ್ದುದನ್ನು ವರ್ತಕರು ಮರೆತಿರಲಾರರು. ಈ ಬದಲಾವಣೆಯನ್ನು ಪೂರ್ತಿ ವಂಚನೆ ಎನ್ನಲಾಗದು. ಹೊಸ ವಿನ್ಯಾಸಗಳಲ್ಲಿ ಭಾರಕೇಂದ್ರ ಕೆಳಗಿರುವುದರಿಂದ ಓರೆ ಕಡಿಮೆಯಾದರೂ ಚೆಂಡು ಸಾಕಷ್ಟು ಎತ್ತರಕ್ಕೆ ಏರುತ್ತದೆ. ಆದರೆ ಅದರ ಪರಿಣಾಮ ಸೆಟ್‌ನ ಇನ್ನೊಂದು ತುದಿಯಲ್ಲಿ ಕಾಣುತ್ತದೆ. ಪಿಚಿಂಗ್ ವೆಜ್‌ನ ಓರೆ 43 ಡಿಗ್ರಿಗೆ ಇಳಿದಿದ್ದು, ಸ್ಯಾಂಡ್ ವೆಜ್ ಹಿಂದಿನಂತೆಯೇ 56 ಡಿಗ್ರಿಯಲ್ಲಿದ್ದರೆ, ನಡುವೆ 13 ಡಿಗ್ರಿಗಳ ಅಂತರ ಉಳಿಯುತ್ತದೆ. ಅದನ್ನು ತುಂಬಲು ಗ್ರಾಹಕ ಮತ್ತೊಂದು ಕ್ಲಬ್ ಕೊಳ್ಳಬೇಕಾಗುತ್ತದೆ. ಸೆಟ್ ಮಾರುವಾಗಲೇ ಈ ವಿಷಯವನ್ನು ತಿಳಿಸುವ ವರ್ತಕ ಪ್ರಾಮಾಣಿಕ. ಆರು ತಿಂಗಳ ನಂತರ ತಿಳಿಸುವವನು ಕೇವಲ ಜಾಣ.

ದೂರ ಬೇರೆ, ಮನ್ನಿಸುವ ಗುಣ ಬೇರೆ. ಒಂದು ಐರನ್‌ನಲ್ಲಿ ಹತ್ತು ಹೊಡೆತಗಳ ಪೈಕಿ ಅತ್ಯುತ್ತಮವಾದುದು 155 ಗಜ, ಅತ್ಯಂತ ಕಳಪೆಯಾದುದು 115 ಗಜ ಹೋಯಿತು ಎಂದೂ, ಇನ್ನೊಂದರಲ್ಲಿ ಅವು ಕ್ರಮವಾಗಿ 145 ಮತ್ತು 130 ಗಜ ಎಂದೂ ಇಟ್ಟುಕೊಂಡರೆ, ಅಂಗಡಿಯಲ್ಲಿ ಗೆಲ್ಲುವುದು ಮೊದಲನೆಯದು. ಮೈದಾನದಲ್ಲಿ ಗೆಲ್ಲಿಸುವುದು ಎರಡನೆಯದು. 140 ಗಜ ದೂರದ ಗುರಿಯ ಮುಂದೆ ಮರಳಿನ ಗುಂಡಿಯೋ ನೀರಿನ ಹೊಂಡವೋ ಇದ್ದರೆ, ಎಷ್ಟು ದೂರ ಹೋದೀತೆಂದು ನಂಬಲಾಗದ ಕ್ಲಬ್ ಆಟಗಾರನಿಗೆ ದುಬಾರಿಯಾಗಿ ಪರಿಣಮಿಸುತ್ತದೆ.

ಆಯ್ಕೆಯ ಕ್ರಮ

ಆದುದರಿಂದ ಕೊಳ್ಳುವವನು ಮೊದಲು ನೋಡಬೇಕಾದುದು ತನ್ನ ಕಳಪೆ ಹೊಡೆತಗಳನ್ನು. ಒಂದೇ ಬಗೆಯ ಚೆಂಡಿನಿಂದ, ಒಂದೇ ಸಂಖ್ಯೆಯ ಎರಡು ಮೂರು ಐರನ್‌ಗಳಲ್ಲಿ ತಲಾ ಹತ್ತು ಹೊಡೆತ ಹೊಡೆದು, ಯಾವುದರಲ್ಲಿ ಚೆಂಡುಗಳು ಹೆಚ್ಚು ಒತ್ತಾಗಿ ಬೀಳುತ್ತವೆ ಎಂಬುದನ್ನು ಪರಿಶೀಲಿಸಬೇಕು. ಮೊದಲ ಐದಾರು ಹೊಡೆತಗಳನ್ನು ಮೈ ಬಿಸಿ ಮಾಡಿಕೊಳ್ಳಲು ಬಿಡುವುದು ಒಳಿತು.

ಎರಡನೆಯದಾಗಿ ತಳದ ಅಗಲವನ್ನು ಗಮನಿಸಬೇಕು. ಅಗಲವಾದ ತಳವುಳ್ಳ ಐರನ್ ಚೆಂಡಿನ ಹಿಂದಿನ ನೆಲಕ್ಕೆ ಮೊದಲೇ ತಗುಲಿದರೂ ಮಣ್ಣಿನೊಳಗೆ ಹೂತುಕೊಳ್ಳದೆ ಜಾರಿ ಮುಂದೆ ಸಾಗುತ್ತದೆ. ಮಳೆಗಾಲದ ಮೆತ್ತನೆಯ ನೆಲದಲ್ಲಿ ಇದು ವರದಾನ. ಬೇಸಿಗೆಯ ಗಟ್ಟಿ ನೆಲದಲ್ಲಿ ಅತಿ ಅಗಲವಾದ ತಳ ಪುಟಿದು ಚೆಂಡಿನ ಮೇಲ್ಭಾಗಕ್ಕೆ ತಗುಲುವ ಸಂಭವವಿರುವುದರಿಂದ ಮಧ್ಯಮ ಅಗಲವೇ ಕ್ಷೇಮಕರ. ಮುಖವನ್ನು ಶಾಫ್ಟ್‌ಗಿಂತ ತುಸು ಹಿಂದೆ ಕೂರಿಸುವ ಆಫ್‌ಸೆಟ್ ಎಂಬ ಏರ್ಪಾಡು, ಚೆಂಡು ಬಲಕ್ಕೆ ವಾಲುವ ತೊಂದರೆಯುಳ್ಳ ಬಲಗೈ ಆಟಗಾರನಿಗೆ ಅನುಕೂಲಕರ. ಮೊದಲೇ ಎಡಕ್ಕೆ ವಾಲುವವನಿಗೆ ಅದು ಹೆಚ್ಚಾಗಬಾರದು.

ಮೂರನೆಯದಾಗಿ, ಮನ್ನಿಸುವ ತಲೆಗೆ ಒಪ್ಪುವ ಶಾಫ್ಟ್ ಇರಬೇಕು. ಬೀಸುವ ವೇಗ ಕಡಿಮೆಯಿರುವ ಹಿರಿಯರಿಗೂ ಹಲವು ಮಹಿಳಾ ಆಟಗಾರರಿಗೂ ಹಗುರವಾದ ಗ್ರಾಫೈಟ್ ಶಾಫ್ಟ್ ಹೊಂದುತ್ತದೆ. ಶಾಫ್ಟ್‌ಗೂ ತಲೆಯ ತಳಕ್ಕೂ ನಡುವಿನ ಕೋನ ಆಟಗಾರನ ಎತ್ತರಕ್ಕೆ ಹೊಂದಿರಬೇಕು. ಕೋನ ತಪ್ಪಿದರೆ ಸರಿಯಾದ ಹೊಡೆತವೂ ಪಕ್ಕಕ್ಕೆ ಹೋಗುತ್ತದೆ. ಸೋಲ್‌ಹೈಮ್ ಅವರ ಕಂಪನಿ 1970ರ ದಶಕದಿಂದಲೇ ಕ್ಲಬ್‌ನ ತಲೆಯ ಮೇಲೆ ಬಣ್ಣದ ಚುಕ್ಕೆ ಇಟ್ಟು ಈ ಕೋನವನ್ನು ಸೂಚಿಸುತ್ತಾ ಬಂದಿದೆ. ಆಟಗಾರನ ಎತ್ತರವನ್ನೂ ಮಣಿಕಟ್ಟಿನಿಂದ ನೆಲದವರೆಗಿನ ಅಳತೆಯನ್ನೂ ತೆಗೆದುಕೊಂಡರೆ ಯಾವ ಬಣ್ಣ ಎಂಬುದು ಪಟ್ಟಿಯಿಂದ ತಿಳಿಯುತ್ತದೆ. ಅಳತೆ ಟೇಪು ಹಿಡಿದ ದರ್ಜಿಯ ಮಟ್ಟದ ಶ್ರದ್ಧೆ ಇದ್ದರೆ ಯಾವ ಅಂಗಡಿಯವನೂ ಈ ಸೇವೆಯನ್ನು ಒದಗಿಸಬಲ್ಲ.

ನಾಲ್ಕನೆಯದಾಗಿ, 3 ಮತ್ತು 4ನೇ ಐರನ್‌ಗಳ ಆಸೆಯನ್ನು ಸಾಮಾನ್ಯ ಆಟಗಾರ ಬಿಡುವುದು ಲೇಸು. ಅವುಗಳ ಬದಲಿಗೆ ಹೈಬ್ರಿಡ್ ಎಂಬ ದಪ್ಪ ತಲೆಯ ಕ್ಲಬ್‌ಗಳು ಬಂದಿವೆ. ಕೊನೆಯದಾಗಿ, ಬಳಸಿದ ಸೆಟ್ ಕೊಳ್ಳುವುದರಲ್ಲಿ ಸಂಕೋಚ ಬೇಡ. ಸ್ಟೇನ್‌ಲೆಸ್ ಸ್ಟೀಲ್‌ನ ಎರಕದ ತಲೆಗಳು ದೀರ್ಘಕಾಲ ಬಾಳುತ್ತವೆ. ಮುಖದ ಗೀರುಗಳು ಸವೆದಿಲ್ಲವೆಂದೂ, ಮಾಲು ನಕಲಿಯಲ್ಲವೆಂದೂ ಖಚಿತಪಡಿಸಿಕೊಂಡರೆ ಸಾಕು. ನಕಲಿ ಮಾಲು ಹೊರನೋಟಕ್ಕೆ ಅಸಲಿಯನ್ನೇ ಹೋಲಬಹುದು. ಆದರೆ ಈ ಉಪಕರಣದ ಬೆಲೆ ಇರುವುದೇ ಕಣ್ಣಿಗೆ ಕಾಣದ ಭಾರದ ಹಂಚಿಕೆಯಲ್ಲಿ.

ವರ್ತಕರಿಗೂ ತಯಾರಕರಿಗೂ ಸಲ್ಲುವ ಮಾತು

ಗಾಲ್ಫ್ ಆಡದ ವರ್ತಕರಿಗೂ ಈ ವಿಷಯ ಸಂಬಂಧಿಸಿದ್ದೇ. ಹಳ್ಳಿಯ ಪಂಪ್‌ಸೆಟ್‌ಗೆ ಸಿಗುವ ವೋಲ್ಟೇಜ್ ಪರೀಕ್ಷಾಲಯದ 415 ವೋಲ್ಟ್ ಆಗಿರುವುದಿಲ್ಲ. ಕುಗ್ಗಿದ ವೋಲ್ಟೇಜಿನಲ್ಲೂ ಸುಡದೆ ನೀರೆತ್ತುವ ಮೋಟಾರನ್ನು ರೈತ ನೆನಪಿಟ್ಟುಕೊಳ್ಳುತ್ತಾನೆ. ಪರೀಕ್ಷಾಲಯದಲ್ಲಿ ಅತ್ಯುತ್ತಮ ದಕ್ಷತೆ ತೋರಿ ಹೊಲದಲ್ಲಿ ಸುಟ್ಟುಹೋದ ಮೋಟಾರನ್ನೂ ನೆನಪಿಟ್ಟುಕೊಳ್ಳುತ್ತಾನೆ. ಉತ್ತಮ ಸ್ಥಿತಿಯಲ್ಲಿ ಉಪಕರಣ ಎಷ್ಟು ಸಾಧಿಸುತ್ತದೆ ಎಂಬುದು ಜಾಹೀರಾತಿನ ವಿಷಯ. ಪ್ರತಿಕೂಲ ಸ್ಥಿತಿಯಲ್ಲಿ ಅದು ಎಷ್ಟು ಕಳೆದುಕೊಳ್ಳುತ್ತದೆ ಎಂಬುದು ವಿಶ್ವಾಸದ ವಿಷಯ.

ತಯಾರಕರು ದುರಸ್ತಿಗೆಂದು ಹಿಂದಿರುಗಿ ಬಂದ ಮಾಲನ್ನು ನಷ್ಟದ ಬಾಬ್ತಿಗೆ ಬರೆದು ಮೂಲೆಗೆ ಸರಿಸದೆ, ಬಳಸುವವನು ಎಲ್ಲಿ ಎಡವಿದ ಎಂದು ತಿಳಿಸುವ ಪತ್ರಗಳೆಂದು ಪರಿಗಣಿಸಬೇಕು. ಒಂದೇ ತೂಕದ ಲೋಹವನ್ನು ಬೇರೆ ಜಾಗಕ್ಕೆ ಸರಿಸಿದ ಮಾತ್ರಕ್ಕೆ ಒಂದು ಉದ್ಯಮದ ದಿಕ್ಕೇ ಬದಲಾಗಿರುವಾಗ, ಇನ್ನೂ ಎಷ್ಟೋ ಉತ್ಪನ್ನಗಳಲ್ಲಿ ಅಂಥ ಸರಿಸುವಿಕೆಗೆ ಅವಕಾಶವಿರಲೇಬೇಕು. ವರ್ತಕರು ತಮ್ಮ ಪಾಲಿಗೆ, ಗ್ರಾಹಕನು ಎಷ್ಟು ಚೆನ್ನಾಗಿ ಆಡಬಲ್ಲ ಎಂದು ಕೇಳುವುದರ ಜೊತೆಗೆ, ಅವನ ಹೊಡೆತ ಸಾಮಾನ್ಯವಾಗಿ ಹೇಗೆ ತಪ್ಪುತ್ತದೆ ಎಂದೂ ಕೇಳುವ ರೂಢಿ ಬೆಳೆಸಿಕೊಳ್ಳಬೇಕು. ಆ ಒಂದು ಪ್ರಶ್ನೆಯಿಂದ ಒಮ್ಮೆ ದುಬಾರಿ ಬ್ಲೇಡ್ ಸೆಟ್‌ನ ವ್ಯಾಪಾರ ಕೈತಪ್ಪಬಹುದು. ಆದರೆ ಮರುವರ್ಷ ಚೆಂಡು, ಕೈಗವಸು, ಹೊಸ ವೆಜ್ ಕೊಳ್ಳಲು, ಜೊತೆಗೆ ಒಬ್ಬ ಸ್ನೇಹಿತನನ್ನೂ ಕರೆದುಕೊಂಡು, ಅದೇ ಅಂಗಡಿಯ ಮೆಟ್ಟಿಲು ಹತ್ತುವವನು ಆಟವನ್ನು ಬಿಡದೆ ಮುಂದುವರಿಸಿದ ಆಟಗಾರನೇ.